ಕ್ಯಾಂಪರ್‌ವ್ಯಾನ್‌ನಲ್ಲಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ: ಗಂಡ ಹೆಂಡತಿ ಇಬ್ಬರೇ ಹೋಗಬಹುದಾ?

ಸಕಲೇಶಪುರದವಳು:

ಎಲ್ಲರಿಗೂ ನಮಸ್ಕಾರ. ಮಗ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಜೂನ್‌ನಲ್ಲಿ ನಾವಿಬ್ಬರೂ ಅವನ ಹತ್ತಿರ ಹೋಗುತ್ತಿದ್ದೇವೆ. ಅವನಿಗೆ ರಜೆ ಸಿಗುವುದಿಲ್ಲ. "ನೀವಿಬ್ಬರೇ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಒಂದು ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಸ್ಕ್ಯಾಂಡಿನೇವಿಯಾ ಸುತ್ತಿ ಬನ್ನಿ, ಮೂರು ವಾರ ಆರಾಮಾಗಿ ಓಡಾಡಬಹುದು" ಅಂದಿದ್ದಾನೆ. ಆ ಮಾತು ಕೇಳಿದಾಗಿನಿಂದ ನಮ್ಮ ಯಜಮಾನರು ಮ್ಯಾಪ್ ಮುಂದಿನಿಂದ ಏಳುತ್ತಿಲ್ಲ.

ಅವರ ಪ್ಲಾನ್ ಹೀಗಿದೆ: ಹ್ಯಾಂಬರ್ಗ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಓಸ್ಲೋ, ಬರ್ಗನ್, ಅಲ್ಲಿಂದ ಮೇಲೆ ನಾರ್ವೆಯ ಉತ್ತರದ ತುದಿಯ ನಾರ್ತ್ ಕೇಪ್. ಮತ್ತೆ ವಾಪಸ್. ಅವರು ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರು. ಡ್ರೈವಿಂಗ್ ಬಗ್ಗೆ ನನಗೆ ಭಯ ಇಲ್ಲ. ಆದರೆ ಅಲ್ಲಿ ಬಲಗಡೆ ಓಡಿಸಬೇಕು. ನನಗೆ ಗಾಡಿ ಓಡಿಸಲು ಬರುವುದಿಲ್ಲ.

ನನ್ನ ಚಿಂತೆಗಳೇ ಬೇರೆ. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ದಿನಾ ಅನ್ನ ಸಾರು ವ್ಯಾನ್‌ನಲ್ಲಿ ಮಾಡಿಕೊಳ್ಳಲು ಆಗುತ್ತಾ? ಆ ದೇಶಗಳಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ, ಅದು ನಿಜವಾ? ಅಷ್ಟು ದೊಡ್ಡ ವ್ಯಾನ್ ತಗೊಂಡು ಊರೊಳಗೆ ಹೋಗುವುದು ಹೇಗೆ? ಮತ್ತೆ ಈ ಪ್ಲಾನ್ ಮೂರು ವಾರದಲ್ಲಿ ಮುಗಿಯುತ್ತಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಗೋಥೆನ್‌ಬರ್ಗ್ ಕನ್ನಡಿಗ:

ಬನ್ನಿ ಅಕ್ಕ, ಸ್ವಾಗತ. ಮೊದಲು ಕಾಗದ ಪತ್ರದ ವಿಷಯ ಹೇಳಿಬಿಡುತ್ತೇನೆ.

ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ನಾರ್ವೆ ನಾಲ್ಕೂ ಷೆಂಗೆನ್ ಎನ್ನುವ ಯುರೋಪ್ ದೇಶಗಳ ವೀಸಾ ಗುಂಪಿನ ಒಳಗೇ ಬರುತ್ತವೆ. ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮಗನ ಮನೆಯಲ್ಲಿ ಜಾಸ್ತಿ ದಿನ ಇದ್ದರೆ ಜರ್ಮನಿಗೆ. ಯಜಮಾನರ ಲೈಸೆನ್ಸ್ ಜೊತೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಅದು ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕೊಡುವವರು ಭಾರತದ ಲೈಸೆನ್ಸ್ ಒಪ್ಪುತ್ತಾರಾ, ವ್ಯಾನ್ ನಾರ್ವೆಗೆ ಒಯ್ಯಲು ಬಿಡುತ್ತಾರಾ, ಎರಡನ್ನೂ ಮುಂಚೆಯೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ದೇಶಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಲೇ ಇರಬೇಕು. ಕುಡಿದು ಓಡಿಸುವ ವಿಷಯದಲ್ಲಿ ಸ್ವೀಡನ್, ನಾರ್ವೆ ಬಹಳ ಕಟ್ಟುನಿಟ್ಟು. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಎರಡೂ ಕಡೆ ಊರೊಳಗೆ ಹೋಗುವ ಬರುವ ಗಾಡಿಗಳಿಗೆ ದಟ್ಟಣೆ ತೆರಿಗೆ ಇದೆ. ಗೇಟ್ ಇರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. 2015ರಿಂದ ಹೊರದೇಶದ ಗಾಡಿಗಳಿಗೂ ಅದು ಅನ್ವಯ. ಬಿಲ್ ಬಾಡಿಗೆ ಕಂಪನಿಗೆ ಹೋಗಿ ನಿಮ್ಮ ಕಾರ್ಡ್‌ನಿಂದ ಕಳೆಯುತ್ತದೆ.

ಸ್ವೀಡನ್‌ನಲ್ಲಿ ನೋಟು ತೋರಿಸಿದರೆ ಎಷ್ಟೋ ಅಂಗಡಿಯವರು ಬೇಡ ಅನ್ನುತ್ತಾರೆ. ಹಳ್ಳಿ ಕಡೆ ಪೆಟ್ರೋಲ್ ಬಂಕ್‌ಗಳಲ್ಲಿ ಜನ ಇರುವುದಿಲ್ಲ, ಕಾರ್ಡ್ ತೂರಿಸಿ ಪಿನ್ ಒತ್ತಬೇಕು. ಹಾಗಾಗಿ ಪಿನ್ ಇರುವ ಎರಡು ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಮೂಸ್ ಅನ್ನುವ ದೊಡ್ಡ ಜಿಂಕೆ ಜಾತಿಯ ಪ್ರಾಣಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಾಡಿನಿಂದ ರಸ್ತೆಗೆ ಇಳಿಯುತ್ತದೆ. ಕಾಲು ಉದ್ದ, ಮೈ ಭಾರ. ಗಾಡಿಗೆ ಹೊಡೆದರೆ ಬಾನೆಟ್ ಮೇಲಿಂದ ನೇರ ಗಾಜಿಗೇ ಬರುತ್ತದೆ. ಒಂದು ದಾಟಿತು ಅಂತ ತಕ್ಷಣ ಹೊರಡಬೇಡಿ. ತಾಯಿ ಹಿಂದೆ ಮರಿ ಇರುತ್ತದೆ.

ದಾರಿ, ಅಡುಗೆ ಬಗ್ಗೆ ತುಂಗಾತೀರ ಅವರು ಹೇಳಿದರೆ ಚೆನ್ನ. ಅವರು ವ್ಯಾನ್‌ನಲ್ಲೇ ಓಡಾಡಿದವರು.

ತುಂಗಾತೀರ:

ಅಕ್ಕ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಖಂಡಿತ ಹೋಗಬಹುದು. ನಾನು ತೀರ್ಥಹಳ್ಳಿಯವಳು, ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ವ್ಯಾನ್ ಓಡಿಸುವುದು ನಾನು. ಅಡುಗೆ, ಮ್ಯಾಪ್, ನೀರು ತುಂಬಿಸುವುದು ನಮ್ಮನೆಯವರದ್ದು. ಗೋಥೆನ್‌ಬರ್ಗ್‌ನವರು ಹೇಳಿದ್ದು ಎಲ್ಲಾ ಸರಿ. ಮಿಕ್ಕಿದ್ದನ್ನು ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲನೇದಾಗಿ, ನಾರ್ತ್ ಕೇಪ್ ಬಿಡಿ. ಅಣ್ಣನಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಓಸ್ಲೋದಿಂದ ಅಲ್ಲಿಗೆ ಹೋಗುವ ದಾರಿಯೊಂದೇ ಸುಮಾರು 2,000 ಕಿಲೋಮೀಟರ್. ನಾರ್ವೆಯಲ್ಲಿ ಊರ ಹೊರಗಿನ ರಸ್ತೆಯ ಮಿತಿ ಸಾಮಾನ್ಯವಾಗಿ ಗಂಟೆಗೆ 80. ಊರು ಬಂದಾಗ 50. ನಡುವೆ ಸುರಂಗ, ತಿರುವು, ಫೆರ್ರಿಗೆ ಕಾಯುವುದು. ಪಶ್ಚಿಮದ ಫಿಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು) ಕಡೆ ಒಂದು ಗಂಟೆಗೆ 50 ಕಿಲೋಮೀಟರ್ ಸಾಗಿದರೆ ದೊಡ್ಡದು. ಡ್ರೈವರ್ ಒಬ್ಬರೇ ಇರುವಾಗ ದಿನಕ್ಕೆ ನಾಲ್ಕು ಗಂಟೆ ಸ್ಟಿಯರಿಂಗ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ಅಣ್ಣ ರಸ್ತೆ ನೋಡುತ್ತಾರೆ, ನೀವು ಅಣ್ಣನನ್ನು ನೋಡುತ್ತೀರಿ, ಊರು ನೋಡುವವರು ಯಾರೂ ಇರುವುದಿಲ್ಲ.

ಎರಡನೆಯ ಮಾತು, ವ್ಯಾನ್ ಇರುವುದು ಹಳ್ಳಿಗಾಡಿಗೆ. ಊರಿಗೆ ಟ್ರೈನ್, ಬಸ್ಸು. ಇದನ್ನು ಹಿಡಿದುಕೊಂಡೇ ದಾರಿ ಮಾಡಿ.

ಮೂರು ವಾರಕ್ಕೆ ನಾನು ಹೇಳುವ ದಾರಿ ಹೀಗೆ. ಹ್ಯಾಂಬರ್ಗ್‌ನಿಂದ ಪುಟ್‌ಗಾರ್ಡನ್. ಅಲ್ಲಿ ವ್ಯಾನ್ ಸಮೇತ ಫೆರ್ರಿ ಹತ್ತಿದರೆ 45 ನಿಮಿಷಕ್ಕೆ ಡೆನ್ಮಾರ್ಕಿನ ರೋಡ್‌ಬಿ. ಕೋಪನ್‌ಹೇಗನ್ ಹೊರಗಿನ ಕ್ಯಾಂಪಿಂಗ್ ಸೈಟಲ್ಲಿ ವ್ಯಾನ್ ಬಿಟ್ಟು ಟ್ರೈನಲ್ಲಿ ಊರೊಳಗೆ. ಅಲ್ಲಿ ವ್ಯಾನ್ ಓಡಿಸಲೇಬೇಕಾದರೆ ಸೈಕಲ್‌ನವರ ಮೇಲೆ ಕಣ್ಣಿರಲಿ. ನೀವು ಬಲಕ್ಕೆ ತಿರುಗುವಾಗ ನಿಮ್ಮ ಬಲಗಡೆಯಿಂದ ನೇರ ಬರುವ ಸೈಕಲ್‌ಗೆ ಮೊದಲು ದಾರಿ ಬಿಡಬೇಕು. ಅವರು ಬ್ರೇಕ್ ಹಾಕುವುದಿಲ್ಲ, ಹಾಕಬೇಕಾದವರು ನಾವು.

ಅಲ್ಲಿಂದ ಸ್ವೀಡನ್‌ಗೆ ಎರಡು ದಾರಿ. ಒಂದು, 2000ದಲ್ಲಿ ತೆರೆದ ಓರೆಸುಂಡ್ ಸೇತುವೆ. ಮೊದಲು ಸಮುದ್ರದ ಕೆಳಗೆ 4 ಕಿಲೋಮೀಟರ್ ಸುರಂಗ, ಆಮೇಲೆ ಮನುಷ್ಯರೇ ಮಾಡಿದ ಒಂದು ದ್ವೀಪ, ಆಮೇಲೆ ಸುಮಾರು 8 ಕಿಲೋಮೀಟರ್ ಸೇತುವೆ. ಇನ್ನೊಂದು, ಮೇಲೆ ಹೆಲ್ಸಿಂಗೋರ್‌ನಿಂದ 20 ನಿಮಿಷದ ಫೆರ್ರಿ. ನನಗೆ ಫೆರ್ರಿಯೇ ಇಷ್ಟ. ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಕಥೆ ನಡೆಯುವುದು ಇದೇ ಊರಿನ ಕ್ರೋನ್‌ಬೋರ್ಗ್ ಕೋಟೆಯಲ್ಲಿ. ಫೆರ್ರಿಯ ಮೇಲಿಂದ ಅದು ಪೂರ್ತಿ ಕಾಣುತ್ತದೆ.

ಸ್ವೀಡನ್‌ನ ಪಶ್ಚಿಮ ಕರಾವಳಿ ಹಿಡಿದು ಗೋಥೆನ್‌ಬರ್ಗ್, ಬೋಹುಸ್‌ಲೆನ್. ಸ್ವೈನ್‌ಸುಂಡ್ ಸೇತುವೆ ದಾಟಿದರೆ ನಾರ್ವೆ. ಓಸ್ಲೋ. ಅಲ್ಲಿಂದ ಹಾರ್ಡಾಂಗರ್‌ವಿದ್ದ ಬಯಲಿನ ಮೇಲೆ ಹೋಗುವ 7ನೇ ನಂಬರ್ ರಸ್ತೆಯಲ್ಲಿ ಐಡ್‌ಫ್ಯೋರ್ಡ್, ಲೋಫ್ಟ್‌ಹೂಸ್, ಬರ್ಗನ್. ಮತ್ತೆ ಒಳಗೆ ಔರ್‌ಲಾಂಡ್, ಲಾರ್ಡಾಲ್. ಸೋಗ್ನೆಫ್ಯೆಲ್ ಘಟ್ಟ ಹತ್ತಿ ಲೋಮ್. ಲಿಲ್ಲೆಹಾಮರ್ ಮೇಲೆ ಓಸ್ಲೋಗೆ ವಾಪಸ್. ಓಸ್ಲೋದಿಂದ ಜರ್ಮನಿಯ ಕೀಲ್‌ಗೆ ರಾತ್ರಿ ಹಡಗು ಇದೆ, ವ್ಯಾನ್ ಹೊಟ್ಟೆಯೊಳಗೆ ನಿಲ್ಲಿಸಿ ಕ್ಯಾಬಿನ್‌ನಲ್ಲಿ ಮಲಗಬಹುದು. ಕೀಲ್‌ನಿಂದ ಮಗನ ಮನೆ 100 ಕಿಲೋಮೀಟರ್ ಒಳಗೇ. ವಾಪಸ್ ಡ್ರೈವಿಂಗ್ ಪೂರ್ತಿ ಉಳಿಯಿತು ಅಲ್ವಾ?

ಈಗ ರಾತ್ರಿ ತಂಗುವ ವಿಷಯ. ಇದನ್ನು ನಿಧಾನವಾಗಿ ಓದಿ. ಯೂಟ್ಯೂಬ್‌ನಲ್ಲಿ ಹೇಳುವುದು ಅರ್ಧ ಮಾತ್ರ.

ಸ್ವೀಡನ್, ನಾರ್ವೆಗಳಲ್ಲಿ ಎಲ್ಲರಿಗೂ ಕಾಡು, ಬೆಟ್ಟ, ಕೆರೆದಂಡೆಯಲ್ಲಿ ಓಡಾಡುವ ಹಕ್ಕಿದೆ. ಜಮೀನು ಯಾರದ್ದೇ ಇರಲಿ, ಬೆಳೆ ಹಾಳುಮಾಡದೆ, ಮನೆಯವರಿಗೆ ತೊಂದರೆ ಕೊಡದೆ ನಡೆದುಹೋಗಬಹುದು, ಕಾಡಿನ ಬೆರ್ರಿ ಹಣ್ಣು ಕಿತ್ತು ತಿನ್ನಬಹುದು. ನಾರ್ವೆಯಲ್ಲಿ 1957ರಲ್ಲಿ ಇದನ್ನು ಕಾನೂನು ಮಾಡಿದ್ದಾರೆ. ಜನವಸತಿ ಇರುವ ಮನೆಯಿಂದ ಕನಿಷ್ಠ 150 ಮೀಟರ್ ದೂರ ಟೆಂಟ್ ಹಾಕಬಹುದು, ಕೇಳದೆ ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಇರಬಾರದು. ಆದರೆ ಈ ಹಕ್ಕು ಕಾಲ್ನಡಿಗೆಯವರಿಗೆ, ಟೆಂಟಿನವರಿಗೆ. ಗಾಡಿಗೆ ಅಲ್ಲ. ರಸ್ತೆ ಬಿಟ್ಟು ಹುಲ್ಲಿನ ಮೇಲೆ ವ್ಯಾನ್ ಇಳಿಸುವ ಹಕ್ಕು ಯಾರಿಗೂ ಇಲ್ಲ. ಪಾರ್ಕಿಂಗ್‌ಗೆ ಅವಕಾಶ ಇರುವ ಕಡೆ, ಬೋರ್ಡು ಬೇಡ ಅನ್ನದಿದ್ದರೆ ಮಲಗಬಹುದು, ಅಷ್ಟೇ. ಸ್ವೀಡನ್‌ನ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಗಳಲ್ಲಿ ಬೇರೆ ಬೋರ್ಡು ಇಲ್ಲದಿದ್ದರೆ ಸಾಮಾನ್ಯವಾಗಿ 24 ಗಂಟೆ ನಿಲ್ಲಿಸಬಹುದು. ಡೆನ್ಮಾರ್ಕ್‌ನಲ್ಲಿ ಈ ಹಕ್ಕೇ ಇಲ್ಲ. ಅಲ್ಲಿ ಕ್ಯಾಂಪಿಂಗ್ ಸೈಟಿಗೇ ಹೋಗಿ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಉತ್ತರ ನಾರ್ವೆಯ ಲೊಫೊಟೆನ್ ದ್ವೀಪಗಳ ಕಡೆ ಬೇಸಿಗೆಯಲ್ಲಿ ವ್ಯಾನ್‌ಗಳು ಸಾಲುಗಟ್ಟಿ ನಿಂತು, ಜನ ಕಲ್ಲಿನ ಸಂದಿಯಲ್ಲಿ ಗಲೀಜು ಮಾಡಿ, ಊರಿನವರು ರೋಸಿಹೋಗಿ ಎಷ್ಟೋ ಕಡೆ "ರಾತ್ರಿ ತಂಗುವಂತಿಲ್ಲ" ಬೋರ್ಡು ಬಂದಿದೆ. ಈ ಓಡಾಡುವ ಹಕ್ಕು ಊರಿನವರು ತಮ್ಮತಮ್ಮಲ್ಲಿ ನಂಬಿಕೆ ಇಟ್ಟು ಉಳಿಸಿಕೊಂಡಿರುವ ಪದ್ಧತಿ. ನಾವು ಹೊರಗಿನವರು. ಅದನ್ನು ಕೆಡಿಸುವವರಲ್ಲಿ ನಾವು ಸೇರಬಾರದು ಅಂತ ನನಗೆ ತುಂಬಾ ಅನ್ನಿಸುತ್ತದೆ. ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಬಿಡಬೇಡಿ, ಟ್ಯಾಂಕಲ್ಲೇ ಇರಲಿ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ನಾರ್ವೆಯ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಇದನ್ನೂ ನೆನಪಿಡಿ.

ನಾವು ಎರಡು ಮೂರು ರಾತ್ರಿ ಹೊರಗೆ, ಒಂದು ರಾತ್ರಿ ಕ್ಯಾಂಪಿಂಗ್ ಸೈಟ್, ಹೀಗೆ ಹೋಗುತ್ತೇವೆ. ಸೈಟಲ್ಲಿ ಬಿಸಿನೀರು, ಬಟ್ಟೆ ಒಗೆಯುವ ಮಷಿನ್, ಟಾಯ್ಲೆಟ್ ಕ್ಯಾಸೆಟ್ (ವ್ಯಾನ್ ಟಾಯ್ಲೆಟ್‌ನ ಗಲೀಜು ತುಂಬುವ ಡಬ್ಬಿ) ಖಾಲಿ ಮಾಡುವ ಜಾಗ ಎಲ್ಲಾ ಇರುತ್ತದೆ. ನಾರ್ವೆಯ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಒಂದು ಅಡುಗೆಮನೆ ಇರುತ್ತದೆ. ಮಳೆ ಬಿಡದೆ ಹೊಯ್ದರೆ ಅಲ್ಲೇ ಒಂದು ಸಣ್ಣ ಮರದ ಮನೆಯೂ ರಾತ್ರಿಗೆ ಬಾಡಿಗೆಗೆ ಸಿಗುತ್ತದೆ. ಬರ್ಗನ್ ಕಡೆ ಇದು ಬೇಕಾಗುತ್ತದೆ ಅಕ್ಕ. ಮಲೆನಾಡಿನವರಾದ ನಮಗೇ ಸಾಕು ಅನ್ನಿಸುವಷ್ಟು ಮಳೆ ಅಲ್ಲಿ.

ಅಡುಗೆಗೆ ಬರೋಣ. ಅಕ್ಕಿ, ಬೇಳೆ, ಸಾರಿನ ಪುಡಿ, ಹುಳಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ರವೆ ಎಲ್ಲಾ ತರಬಹುದು. ತುಪ್ಪ ತರಬೇಡಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವಿಗೂ 2019ರ ಕೊನೆಯಿಂದ ಸರ್ಟಿಫಿಕೇಟ್ ಬೇಕು. ಹ್ಯಾಂಬರ್ಗ್‌ನಲ್ಲಿ ನಮ್ಮವರ ಅಂಗಡಿಗಳಿವೆ, ಮಗನಿಗೆ ಹೇಳಿ ತುಪ್ಪ ಅಲ್ಲೇ ತರಿಸಿಟ್ಟುಕೊಳ್ಳಿ. ಮತ್ತೆ ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಅದರ ಸುಂಕದ ಗಡಿ ಬೇರೆ. ಆಲೂಗಡ್ಡೆ ಒಯ್ಯುವಂತೆಯೇ ಇಲ್ಲ! ಗಡಿಗೆ ಮೊದಲು ಪಲ್ಯ ಮಾಡಿ ಮುಗಿಸಿಬಿಡಿ, ಆ ಕಡೆ ಒಳ್ಳೇ ಹೊಸ ಆಲೂಗಡ್ಡೆ ಸಿಗುತ್ತದೆ.

ಮೊಸರನ್ನಕ್ಕೆ ತೊಂದರೆ ಇಲ್ಲ. ಸ್ವೀಡನ್‌ನಲ್ಲಿ ಫಿಲ್‌ಮ್ಯೋಲ್ಕ್ ಅಂತ ಹುಳಿಹಾಲು ಡಬ್ಬಿಯಲ್ಲಿ ಬರುತ್ತದೆ. ಮೆದು ಹುಳಿ, ತೆಳ್ಳಗೆ ಇರುತ್ತದೆ. ಬಿಸಿ ಅನ್ನಕ್ಕೆ ಕಲಸಿ ಉಪ್ಪು, ಶುಂಠಿ, ಸಾಸಿವೆ ಒಗ್ಗರಣೆ ಹಾಕಿದರೆ ಸಾಕು. ಒಗ್ಗರಣೆ ಮಾತ್ರ ವ್ಯಾನ್ ಒಳಗೆ ಬೇಡ. ಮೆಣಸಿನಕಾಯಿ ಘಾಟು ಹಾಸಿಗೆಗೆ ಹಿಡಿದರೆ ಮೂರು ದಿನ ಹೋಗುವುದಿಲ್ಲ. ನಮ್ಮನೆಯವರು ಒಂದು ಸಣ್ಣ ಗ್ಯಾಸ್ ಒಲೆ ಹೊರಗೆ ಮೆಟ್ಟಿಲ ಮೇಲೆ ಇಟ್ಟು, ಬಾಣಲೆಗೆ ತಟ್ಟೆ ಮುಚ್ಚಿ ಅಲ್ಲೇ ಮುಗಿಸುತ್ತಾರೆ. ಅನ್ನ ಒಳಗೆ ಮಾಡಬಹುದು, ಮೇಲಿನ ಕಿಂಡಿ ತೆಗೆದಿಟ್ಟು. ಇಲ್ಲದಿದ್ದರೆ ಹಬೆ ಕಿಟಕಿಗೆ ಕಟ್ಟಿ, ರಾತ್ರಿಯೆಲ್ಲ ಗಾಜಿನಿಂದ ಇಳಿದು, ಬೆಳಿಗ್ಗೆ ಹೊದಿಕೆಯ ಅಂಚು ಒದ್ದೆಯಾಗಿರುತ್ತದೆ.

ಗ್ಯಾಸ್ ಸಿಲಿಂಡರ್ ಒಂದೊಂದು ದೇಶದ್ದು ಒಂದೊಂದು ಥರ. ಜರ್ಮನಿಯ 11 ಕಿಲೋ ಸಿಲಿಂಡರ್ ನಾರ್ವೆಯಲ್ಲಿ ಸುಲಭಕ್ಕೆ ಬದಲಾಯಿಸಿಕೊಡುವುದಿಲ್ಲ. ಎರಡು ತುಂಬಿದ ಸಿಲಿಂಡರ್ ಕೊಡಿ ಅಂತ ಹೊರಡುವಾಗಲೇ ಕೇಳಿ. ಬೇಸಿಗೆಯಲ್ಲಿ ಮೂರು ವಾರದ ಅಡುಗೆಗೆ ಧಾರಾಳವಾಗಿ ಸಾಕು. ಭಾನುವಾರ ನಾರ್ವೆಯಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು ತರಕಾರಿ ತಂದಿಟ್ಟುಕೊಳ್ಳಿ.

ದಾರಿಯಲ್ಲಿ ಏನು ನೋಡಬೇಕು ಅಂತ ನೀವು ಕೇಳಿಲ್ಲ. ಆದರೂ ನನಗೆ ಪ್ರೀತಿಯ ಕೆಲವು ಜಾಗ ಹೇಳದೆ ಇರಲಾರೆ.

ಬೋಹುಸ್‌ಲೆನ್‌ನಲ್ಲಿ ಸಮುದ್ರದ ಅಂಚಿಗೆ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆ. ಅದೇ ದಾರಿಯಲ್ಲಿ ತಾನುಮ್. ಅಲ್ಲಿನ ಬಂಡೆಗಳ ಮೇಲೆ ಕಂಚಿನ ಯುಗದವರು ದೋಣಿ, ಬೇಟೆಗಾರ, ನೇಗಿಲು ಹಿಡಿದ ಮನುಷ್ಯ ಎಲ್ಲಾ ಕೆತ್ತಿದ್ದಾರೆ. 1994ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಕಾಣಲಿ ಅಂತ ಕೆಲವಕ್ಕೆ ಕೆಂಪು ಬಳಿದಿದ್ದಾರೆ. ಸಂಜೆ ಓರೆ ಬಿಸಿಲು ಬಿದ್ದಾಗ ಬಣ್ಣ ಇಲ್ಲದವೂ ಎದ್ದು ಕಾಣುತ್ತವೆ, ಆ ಹೊತ್ತಿಗೇ ಹೋಗಿ. ಸ್ವೀಡನ್‌ನ ಹಳ್ಳಿಮನೆಗಳೆಲ್ಲ ಯಾಕೆ ಕೆಂಪು ಅಂತ ನೀವು ಖಂಡಿತ ಕೇಳುತ್ತೀರಿ. ಫಾಲುನ್ ಎನ್ನುವ ಊರಿನ ತಾಮ್ರದ ಗಣಿಯ ಮಣ್ಣಿನಿಂದ ಬರುವ ಬಣ್ಣ ಅದು. ಗಣಿ 1992ರಲ್ಲಿ ಮುಚ್ಚಿದೆ, ಬಣ್ಣ ಈಗಲೂ ಮಾಡುತ್ತಾರೆ.

ಲೋಫ್ಟ್‌ಹೂಸ್ ಇರುವುದು ಸೋರ್‌ಫ್ಯೋರ್ಡ್ ದಂಡೆಯಲ್ಲಿ. ಈ ಕಡೆ ಹಣ್ಣಿನ ತೋಟ, ಎದುರು ದಡದ ಬೆಟ್ಟದ ಮೇಲೆ ಹಿಮನದಿ. ಜುಲೈ ಬಂತೆಂದರೆ ರಸ್ತೆಬದಿಯಲ್ಲಿ ಚೆರ್ರಿ ಹಣ್ಣಿನ ಪೆಟ್ಟಿಗೆ ಇಟ್ಟಿರುತ್ತಾರೆ. ಎಷ್ಟೋ ಕಡೆ ಮಾರುವವರೇ ಇರುವುದಿಲ್ಲ. ದರ ಬರೆದಿರುತ್ತದೆ, ದುಡ್ಡು ಹಾಕಿ ಹಣ್ಣು ತಗೊಂಡು ಹೋಗುವುದು. ಅದಕ್ಕಾಗಿ ಸ್ವಲ್ಪ ನಾರ್ವೆ ನಾಣ್ಯ ಇಟ್ಟುಕೊಳ್ಳಿ. ಅಲ್ಲಿಗೆ ಬರುವ ಮುಂಚೆ ವೋರಿಂಗ್ಸ್‌ಫೊಸ್ಸನ್ ಜಲಪಾತ ಸಿಗುತ್ತದೆ, 182 ಮೀಟರ್. 2020ರಲ್ಲಿ ಅದರ ಮೇಲೆ ಒಂದು ಮೆಟ್ಟಿಲು ಸೇತುವೆ ಕಟ್ಟಿದ್ದಾರೆ. ಹಾರ್ಡಾಂಗರ್ ತೂಗುಸೇತುವೆ ದಾಟುವಾಗ ಅಣ್ಣನಿಗೆ ಮೊದಲೇ ಹೇಳಿಡಿ, ಸೇತುವೆಯ ಎರಡೂ ತುದಿ ಬೆಟ್ಟದೊಳಗೆ ತೂರುತ್ತದೆ, ಸುರಂಗದ ಒಳಗೇ ನೀಲಿ ಬೆಳಕಿನ ವೃತ್ತ ಇದೆ. ಕತ್ತಲಲ್ಲಿ ಧುತ್ತೆಂದು ವೃತ್ತ ಬಂದರೆ ಗಾಬರಿ ಆಗುತ್ತದೆ.

ಔರ್‌ಲಾಂಡ್‌ನಿಂದ ಲಾರ್ಡಾಲ್‌ಗೆ ಎರಡು ದಾರಿ. ಕೆಳಗೆ 24.5 ಕಿಲೋಮೀಟರ್ ಸುರಂಗ, 2000ದಲ್ಲಿ ತೆರೆದದ್ದು, ಪ್ರಪಂಚದಲ್ಲೇ ಅತಿ ಉದ್ದದ ರಸ್ತೆ ಸುರಂಗ. ಓಡಿಸುವವರಿಗೆ ಮಂಪರು ಹತ್ತದಿರಲಿ ಅಂತ ನಡುವೆ ಮೂರು ಕಡೆ ಗುಹೆಯಂತೆ ಅಗಲ ಮಾಡಿ, ನೀಲಿ ದೀಪ ಹಾಕಿದ್ದಾರೆ. ಮೇಲೆ ಔರ್‌ಲಾಂಡ್ಸ್‌ಫ್ಯೆಲ್ ಎನ್ನುವ ಹಿಮದ ದಾರಿ. ಚಳಿಗಾಲದಲ್ಲಿ ಮುಚ್ಚಿ, ಬೇಸಿಗೆ ಶುರುವಾದ ಮೇಲೆ ತೆಗೆಯುತ್ತಾರೆ. ಜೂನ್‌ನಲ್ಲೂ ರಸ್ತೆ ಪಕ್ಕ ಆಳೆತ್ತರದ ಹಿಮದ ಗೋಡೆ ಇರಬಹುದು. ಮೇಲಿನ ದಾರಿಯಲ್ಲೇ ಹೋಗಿ. ಫಿಯೋರ್ಡ್‌ನಿಂದ 650 ಮೀಟರ್ ಎತ್ತರದಲ್ಲಿ ಸ್ಟೇಗಾಸ್ಟೈನ್ ಎನ್ನುವ ಮರದ ಅಟ್ಟಣೆ ಗಾಳಿಗೆ ಚಾಚಿಕೊಂಡು ನಿಂತಿದೆ.

ಅಲ್ಲಿಗೆ ಹತ್ತುವ ರಸ್ತೆ ಮಾತ್ರ ಶಿರಾಡಿಗಿಂತ ತುಂಬಾ ಕಿರಿದು. ಎರಡು ಗಾಡಿ ಎದುರುಬದುರು ಬಂದರೆ ಜಾಗವಿಲ್ಲ. ಅಲ್ಲಲ್ಲಿ ನೀಲಿ ಬೋರ್ಡಿನಲ್ಲಿ "ಎಂ" ಅಕ್ಷರ ಇರುತ್ತದೆ, ಅದು ದಾರಿ ಬಿಡುವ ಜಾಗ. ನಾವು ಹತ್ತುವಾಗ ಒಂದು ತಿರುವಿನಾಚೆಯಿಂದ ಟೂರಿಸ್ಟ್ ಬಸ್ ಬಂತು. ಡ್ರೈವರ್ ಹಾರ್ನ್ ಹಾಕಲಿಲ್ಲ, ಲೈಟ್ ಮಿಣುಕಿಸಲಿಲ್ಲ. ಬಸ್ ನಿಲ್ಲಿಸಿ, ಎರಡು ಬೆರಳಿನಿಂದ ನನ್ನ ಹಿಂದಿನ ಜಾಗ ತೋರಿಸಿ ಸುಮ್ಮನೆ ಕಾದರು. ನಾನು ಹಿಂದೆ ತೆಗೆದೆ. ನಮ್ಮನೆಯವರು ಕೆಳಗಿಳಿದು ಹಿಂದಿನ ಚಕ್ರದ ಪಕ್ಕ ಕೂತು "ಇನ್ನೊಂದು ಮೊಳ ಬರಲಿ, ಈಗ ಒಂದು ಗೇಣು, ಸಾಕು" ಅಂತ ಹೇಳುತ್ತಿದ್ದರು. ಬಸ್ ನಮ್ಮ ಕನ್ನಡಿ ಮಡಚಿದ ಮೇಲೆಯೇ ದಾಟಿದ್ದು. ದಾಟುವಾಗ ಡ್ರೈವರ್ ಕೈ ಎತ್ತಿ ನಕ್ಕರು. ನಾರ್ವೆಯ ಹಳ್ಳಿ ರಸ್ತೆಯಲ್ಲಿ ಎಲ್ಲರೂ ಹೀಗೇ. ಯಾರಿಗೂ ಅವಸರ ಇಲ್ಲ. ಹಿಂದೆ ನಾಲ್ಕು ಕಾರು ಸೇರಿದರೆ ನೀವೂ "ಎಂ" ಜಾಗದಲ್ಲಿ ಪಕ್ಕಕ್ಕೆ ಸರಿದು ಬಿಟ್ಟುಕೊಡಿ.

ಲಾರ್ಡಾಲ್ ಹತ್ತಿರ ಬೋರ್ಗುಂಡ್‌ನಲ್ಲಿ ಮರದ ಚರ್ಚ್ ಇದೆ, 12ನೇ ಶತಮಾನದ ಕೊನೆಯದು. ಮಾಡಿನ ಮೇಲೆ ಮಾಡು, ತುದಿಗಳಲ್ಲಿ ಡ್ರ್ಯಾಗನ್ ತಲೆ. ಹೊರಗೋಡೆಗೆಲ್ಲ ಟಾರ್ ಬಳಿದಿದ್ದಾರೆ. ಬಿಸಿಲಿದ್ದರೆ ಗೋಡೆಗೆ ಮೂಗು ಹತ್ತಿರ ತನ್ನಿ, ಹೊಗೆ ಸೇರಿದ ಅಂಟಿನ ವಾಸನೆ ಬರುತ್ತದೆ. ಅಂಗೈ ಇಟ್ಟರೆ ಮರ ಬೆಚ್ಚಗಿರುತ್ತದೆ. ಎಂಟುನೂರು ವರ್ಷ ಮಳೆ ಹಿಮ ತಡೆದ ಮರ ಅದು.

ರೈಲುಪ್ರೇಮಿ:

ತುಂಗಾತೀರ ಅವರೇ, ಎಲ್ಲಾ ಒಪ್ಪಿದೆ. ಆದರೆ ಸ್ಟಾಕ್‌ಹೋಮ್ ಪೂರ್ತಿ ಕೈಬಿಟ್ಟಿದ್ದು ಒಪ್ಪಲಾರೆ. ಅಲ್ಲಿ ವಾಸಾ ಹಡಗಿದೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟ ಯುದ್ಧನೌಕೆ, ಬಂದರು ದಾಟುವ ಮುಂಚೆಯೇ ಗಾಳಿಗೆ ವಾಲಿ ಮುಳುಗಿತು. ಮೇಲ್ಭಾಗ ಭಾರ, ಕೆಳಗೆ ಸಮತೂಕ ಸಾಲದು. ತೆರೆದಿಟ್ಟ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. 333 ವರ್ಷ ಕೆಸರಲ್ಲಿದ್ದು 1961ರಲ್ಲಿ ಮೇಲೆ ಬಂತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ. ಮರ ತಿನ್ನುವ ಹುಳ ಅಲ್ಲಿ ಬದುಕುವುದಿಲ್ಲ. ಅದಕ್ಕೇ ಇಡೀ ಹಡಗು ಉಳಿದಿದೆ. ಮ್ಯೂಸಿಯಂ ಒಳಗೆ ಕಾಲಿಟ್ಟ ಕ್ಷಣ ನಾಲ್ಕು ಮಹಡಿ ಎತ್ತರದ ಕಪ್ಪು ಮರದ ಹಡಗು ಎದುರಿಗೆ ನಿಲ್ಲುತ್ತದೆ. ನನಗೆ ಯುರೋಪಿನಲ್ಲಿ ಅದಕ್ಕಿಂತ ದೊಡ್ಡ ನೋಟ ಇಲ್ಲ.

ವ್ಯಾನ್ ಗೋಥೆನ್‌ಬರ್ಗ್‌ನ ಕ್ಯಾಂಪಿಂಗ್ ಸೈಟಲ್ಲಿ ಬಿಡಿ. ವೇಗದ ಟ್ರೈನ್ ಸುಮಾರು ಮೂರು ಗಂಟೆಗೆ ಸ್ಟಾಕ್‌ಹೋಮ್ ಮುಟ್ಟಿಸುತ್ತದೆ. ಒಂದು ರಾತ್ರಿ ಅಲ್ಲಿ ತಂಗಿ, ಹಳೇ ಊರು ಗಾಮ್ಲಾ ಸ್ತಾನ್‌ನಲ್ಲಿ ನಡೆದಾಡಿ, ಮಾರನೇ ದಿನ ವಾಪಸ್. ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ.

ತುಂಗಾತೀರ:

ಒಳ್ಳೆಯ ಸಲಹೆ. ಹಾಗೆ ಮಾಡುವುದಾದರೆ ಕೋಪನ್‌ಹೇಗನ್‌ನಲ್ಲಿ ಒಂದು ದಿನ ಕಡಿಮೆ ಮಾಡಿ, ನಾರ್ವೆಯ ದಿನಗಳಿಗೆ ಕೈಹಾಕಬೇಡಿ. ದಿನ ಮಾತ್ರ ನೋಡಿ ಆರಿಸಿಕೊಳ್ಳಿ. ಜೂನ್ 19ರಿಂದ 25ರ ಒಳಗೆ ಬರುವ ಶುಕ್ರವಾರ ಸ್ವೀಡನ್‌ನ ಮಧ್ಯಬೇಸಿಗೆ ಹಬ್ಬ. ಊರೆಲ್ಲ ಹಳ್ಳಿಗೆ ಹೊರಟಿರುತ್ತದೆ. ಅಂಗಡಿ ಬೇಗ ಮುಚ್ಚುತ್ತದೆ, ಕ್ಯಾಂಪಿಂಗ್ ಸೈಟ್ ತುಂಬಿರುತ್ತದೆ. ಆ ದಿನ ನೀವು ಯಾವುದಾದರೂ ಹಳ್ಳಿಯಲ್ಲಿ ಇರಿ. ಎಲೆ ಹೂವು ಸುತ್ತಿದ ಕಂಬ ಎತ್ತಿ ಸುತ್ತ ಕುಣಿಯುತ್ತಾರೆ, ಯಾರು ಬೇಕಾದರೂ ಸೇರಬಹುದು.

ಸಕಲೇಶಪುರದವಳು:

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ. ನಾರ್ತ್ ಕೇಪ್ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಹಿಮದ ದಾರಿ ತೋರಿಸು" ಅಂದರು. ಒಪ್ಪಿದ ಹಾಗೆ. ಇನ್ನು ಕೆಲವು ಪ್ರಶ್ನೆ ಉಳಿದಿವೆ. ವ್ಯಾನ್ ಎಷ್ಟು ದೊಡ್ಡದು ತಗೊಳ್ಳಬೇಕು? ಏಳು ಮೀಟರಿನದ್ದರಲ್ಲಿ ಹಾಸಿಗೆ ದೊಡ್ಡದಿದೆ ಅಂತ ಮಗ ಹೇಳುತ್ತಿದ್ದಾನೆ. ನಾರ್ವೆಯಲ್ಲಿ ಟೋಲ್ ಎಲ್ಲಿ ಕಟ್ಟುವುದು? ಮತ್ತೆ ಆ ಟಾಯ್ಲೆಟ್ ಕ್ಯಾಸೆಟ್, ಅದನ್ನು ಯೋಚಿಸಿದರೇ ಒಂಥರಾ ಆಗುತ್ತದೆ.

ತುಂಗಾತೀರ:

ಆರು ಮೀಟರ್ ಒಳಗಿನದ್ದೇ ತಗೊಳ್ಳಿ ಅಕ್ಕ. ಓರೆಸುಂಡ್ ಸೇತುವೆ, ನಾರ್ವೆಯ ಫೆರ್ರಿಗಳು, ಎಲ್ಲಾ ಕಡೆ ಆರು ಮೀಟರ್ ದಾಟಿದರೆ ದರ ಏರುತ್ತದೆ. "ಎಂ" ಜಾಗದಲ್ಲಿ ಹಿಂದೆ ತೆಗೆಯುವಾಗ ಆ ಒಂದು ಮೀಟರಿನ ಬೆಲೆ ಅಣ್ಣನಿಗೆ ಗೊತ್ತಾಗುತ್ತದೆ. ಇಬ್ಬರಿಗೆ ಅಷ್ಟು ಧಾರಾಳ. ಪರ್ಮಿಟ್‌ನಲ್ಲಿ ಕಾರಿನ ವರ್ಗ ಮಾತ್ರ ಇದ್ದರೆ ಗಾಡಿಯ ಒಟ್ಟು ತೂಕ 3.5 ಟನ್ ಮೀರಬಾರದು. ನೀರು, ಸಾಮಾನು, ನೀವಿಬ್ಬರು ಎಲ್ಲಾ ಸೇರಿ.

ಕತ್ತಲೆ ಪರದೆ ಇದೆಯಾ ನೋಡಿ. ಜೂನ್ ಕೊನೆಯಲ್ಲಿ ಬರ್ಗನ್ ಕಡೆ ಸೂರ್ಯ ಮುಳುಗುವುದೇ ರಾತ್ರಿ 11ರ ಮೇಲೆ. ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ.

ಟೋಲ್‌ಗೆ ಎಲ್ಲೂ ನಿಲ್ಲುವುದಿಲ್ಲ. ಅಲ್ಲೂ ಕ್ಯಾಮೆರಾ. ಫಿಯೋರ್ಡ್ ಫೆರ್ರಿಗಳೂ ಹೆಚ್ಚಿನವು ನಂಬರ್ ಪ್ಲೇಟ್ ನೋಡಿಯೇ ಲೆಕ್ಕ ಹಾಕುತ್ತವೆ. ಫೆರ್ರಿ ಕಟ್ಟೆಯಲ್ಲಿ ಸಾಲಿನಲ್ಲಿ ನಿಲ್ಲುವುದು, ಕೈಸನ್ನೆ ಮಾಡಿದ ಹಾಗೆ ಹತ್ತುವುದು, ಹ್ಯಾಂಡ್‌ಬ್ರೇಕ್ ಎಳೆದು ಗೇರ್‌ನಲ್ಲಿ ಬಿಡುವುದು. ಗ್ಯಾಸ್ ಸಿಲಿಂಡರ್ ಬಾಯಿ ಬಂದ್ ಮಾಡಿರಬೇಕು.

ಕ್ಯಾಸೆಟ್ ಅಂದರೆ ಚಕ್ರ ಇರುವ ಡಬ್ಬಿ, ವ್ಯಾನ್ ಹೊರಗಿನ ಬಾಗಿಲಿನಿಂದ ಎಳೆಯುತ್ತಾರೆ. ಸೂಟ್‌ಕೇಸ್ ಎಳೆದ ಹಾಗೆ ಎಳೆದುಕೊಂಡು ಹೋಗಿ, ಅದಕ್ಕೆಂದೇ ಇರುವ ಗುಂಡಿಗೆ ಸುರಿದು, ಅಲ್ಲೇ ಇರುವ ಪೈಪಿನಲ್ಲಿ ತೊಳೆದು, ನೀಲಿ ದ್ರಾವಣ ಒಂದು ಮುಚ್ಚಳ ಹಾಕಿದರೆ ಮುಗಿಯಿತು. ಎರಡು ದಿನಕ್ಕೊಮ್ಮೆ ಮಾಡಿ, ತುಂಬಲು ಬಿಡಬೇಡಿ. ಕುಡಿಯುವ ನೀರಿನ ನಲ್ಲಿ ಬೇರೆ, ಇದರ ನಲ್ಲಿ ಬೇರೆ. ಬೋರ್ಡು ನೋಡಿಯೇ ಪೈಪ್ ಮುಟ್ಟಿ. ಕೈಗವಸಿನ ಒಂದು ಪ್ಯಾಕೆಟ್ ಹ್ಯಾಂಬರ್ಗ್‌ನಲ್ಲೇ ತಗೊಂಡುಬಿಡಿ. ಈ ಕೆಲಸ ಅಣ್ಣನಿಗೇ ವಹಿಸಿ. ನಮ್ಮಲ್ಲಿ ಹಾಗೇ.